ಅಮ್ಮ ಓದದೆ ಸಹಿ ಹಾಕಿದ ಕಾಗದ

ಮೊನ್ನೆ ಹಲಸೂರಿನಲ್ಲಿ ಮೆಟ್ರೊ ಹತ್ತಿದಾಗ ಪಕ್ಕದಲ್ಲಿ ಬಂದು ನಿಂತ ಕಾಲೇಜು ಹುಡುಗನಿಂದ ಘಮ್ಮೆಂದು ನೀಲಗಿರಿ ಎಣ್ಣೆಯ ವಾಸನೆ ಬಂತು. ಕೆಸರು ಒಣಗಿದ ಫುಟ್‌ಬಾಲ್ ಬೂಟುಗಳನ್ನು ಲೇಸಿನಲ್ಲಿ ಗಂಟುಹಾಕಿ ಹೆಗಲಿಗೆ ಇಳಿಬಿಟ್ಟಿದ್ದ. ಮಂಡಿಗೆ ಬಟ್ಟೆ ಸುತ್ತಿತ್ತು. ಅವನ ಆಚೆ ಬದಿಯಲ್ಲಿದ್ದ ಹೆಂಗಸೊಬ್ಬರು ಮೂಗಿಗೆ ಸೆರಗು ಹಿಡಿದು ದೂರ ಸರಿದರು. ನಾನೋ, ಐವತ್ತರ ಹತ್ತಿರ ಬಂದ ಹೆಂಗಸು, ನಾಚಿಕೆ ಬಿಟ್ಟು ಇನ್ನಷ್ಟು ಹತ್ತಿರ ಸರಿದು ಆ ವಾಸನೆಯನ್ನು ಎದೆ ತುಂಬ ಎಳೆದುಕೊಂಡೆ. ಬೈಯಪ್ಪನಹಳ್ಳಿಯಲ್ಲಿ ಇಳಿಯಬೇಕಾದವಳು ಕೆ.ಆರ್. ಪುರದವರೆಗೂ ಹೋಗಿಬಿಟ್ಟೆ. ನಿಮಗೂ ಹೀಗಾಗಿರುತ್ತದೆ. ಕೈಬಿಟ್ಟು ಹೋದ ಮನೆಯ ಒಂದು ವಾಸನೆ ಎಲ್ಲೋ ಸಿಕ್ಕಿದರೆ ಕಾಲು ನಿಂತಲ್ಲೇ ನಿಂತುಬಿಡುತ್ತದೆ.

ನಮ್ಮ ಮನೆ ಹಲಸೂರು ಕೆರೆಯ ಹಿಂದಿನ ಒಂದು ವಠಾರದಲ್ಲಿತ್ತು. ಎದುರುಬದುರಾಗಿ ಆರು ಮನೆ, ನಡುವೆ ಒಂದೇ ನಲ್ಲಿ. ನಮ್ಮದು ಒಂದು ಕೋಣೆ, ಒಂದು ಅಡುಗೆಮನೆ. ಅದರಲ್ಲಿ ಅಮ್ಮ ಮುನಿಯಮ್ಮ, ಅಣ್ಣ ನಾಗರಾಜ ಮತ್ತು ನಾನು. ಅಪ್ಪ ನನಗೆ ಮೂರು ತುಂಬುವ ಮೊದಲೇ ತೀರಿಹೋಗಿದ್ದರು. ಗೋಡೆಯ ಬುದ್ಧನ ಪಟದ ಕೆಳಗಿನ ಹಲಗೆಯ ಮೇಲೆ ನೀಲಗಿರಿ ಎಣ್ಣೆಯ ಸೀಸೆ ಸದಾ ಇರುತ್ತಿತ್ತು. ಸಂಜೆಯಾದರೆ ಅಮ್ಮ ಸೀರೆಯನ್ನು ಮಂಡಿಯ ಮೇಲಕ್ಕೆ ಸರಿಸಿ ಎಣ್ಣೆ ತಿಕ್ಕಿಕೊಳ್ಳುವಳು, ಆಮೇಲೆ ಅದೇ ಕೈಯಲ್ಲಿ ಅಣ್ಣನ ಮೀನಖಂಡಕ್ಕೂ ತಿಕ್ಕುವಳು. ಅವನು ಕಾಲೇಜು ಟೀಮಿನಲ್ಲಿ ಫುಟ್‌ಬಾಲ್ ಆಡುತ್ತಿದ್ದ. ಸಾರಿನ ಒಗ್ಗರಣೆ, ಒದ್ದೆ ಜರ್ಸಿ, ನೀಲಗಿರಿ ಎಣ್ಣೆ ಮೂರೂ ಬೆರೆತರೆ ಅದೇ ನಮ್ಮ ಮನೆಯ ವಾಸನೆ. ಊಟಕ್ಕೆ ಮುದ್ದೆ ಇಲ್ಲದ ದಿನವೂ ಅಣ್ಣ ಬೂಟಿಗೆ ಪಾಲಿಶ್ ಹಾಕುತ್ತಾ ಕೂತಿದ್ದರೆ ಎದುರುಮನೆಯ ಮೇರಿ ಆಂಟಿ, "ಹೊಟ್ಟೆಗೆ ಹಿಟ್ಟಿಲ್ದಿದ್ರೂ ಜುಟ್ಟಿಗೆ ಮಲ್ಲಿಗೆ ಹೂವು ನೋಡು ಇವನಿಗೆ" ಎಂದು ಛೇಡಿಸುತ್ತಿದ್ದರು, ಛೇಡಿಸಿ ಒಂದು ತಟ್ಟೆ ಅನ್ನ ತಂದಿಡುತ್ತಿದ್ದರು.

ವಠಾರಕ್ಕೆ ಗೊತ್ತಿದ್ದಂತೆ ಅಮ್ಮ ಕಮರ್ಷಿಯಲ್ ಸ್ಟ್ರೀಟಿನ ದೊಡ್ಡದೊಂದು ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಹತ್ತು ಗಂಟೆಗೆ ಬಾಗಿಲು ತೆಗೆಯುವ ಅಂಗಡಿಗೆ ಈ ಹೆಂಗಸು ಬೆಳಗಿನ ಐದಕ್ಕೇ ಯಾಕೆ ಹೋಗುತ್ತಾಳೆ ಎಂದು ಯಾರಾದರೂ ಕೇಳಿದರೆ ಅದಕ್ಕೂ ಉತ್ತರ ಸಿದ್ಧವಿತ್ತು. "ಗೋಡೌನ್‌ಗೆ ಬೆಳಗ್ಗೇನೇ ಲೋಡ್ ಬರುತ್ತೆ ಕಣ್ರೀ, ಇಳಿಸ್ಕೋಬೇಕು." ನಿಜ ಏನೆಂದರೆ ಅಮ್ಮ ಆ ಬೀದಿಯನ್ನು ಗುಡಿಸುತ್ತಿದ್ದಳು. ಪೌರಕಾರ್ಮಿಕರ ಕೋಟನ್ನು ಮನೆಗೆ ತರುತ್ತಲೇ ಇರಲಿಲ್ಲ. ಶಿವಾಜಿನಗರದಲ್ಲಿದ್ದ ಜೊತೆಯವಳೊಬ್ಬಳ ಮನೆಯಲ್ಲಿ ಬಿಟ್ಟು ಬರುತ್ತಿದ್ದಳು. ಸುಳ್ಳು ಹೇಳುವುದು ಅವಳಿಗೇನು ಹವ್ಯಾಸವಾಗಿರಲಿಲ್ಲ. ಹಿಂದೆ ಇದ್ದ ವಠಾರದಲ್ಲಿ ಅವಳ ಕೆಲಸ ಗೊತ್ತಾದ ಮೇಲೆ ನಮ್ಮ ಕೊಡ ನಲ್ಲಿಯ ಸಾಲಿನಲ್ಲಿ ಕೊನೆಗೆ ಹೋಯಿತು, ಆಮೇಲೆ ಸಾಲಿನಿಂದಲೇ ಹೊರಗೆ ಹೋಯಿತು, ಕೊನೆಗೆ ಮನೆಯನ್ನೇ ಖಾಲಿ ಮಾಡಿಸಿದರು. "ಇಲ್ಲಿ ತಲೆ ಎತ್ಕೊಂಡು ಇದ್ದೀನಿ. ಇನ್ನೊಂದ್ಸಲ ಗಂಟುಮೂಟೆ ಕಟ್ಟೋಕೆ ನನ್ನ ಕೈಲಾಗಲ್ಲ. ಬಾಯಿಗೆ ಬೀಗ ಹಾಕ್ಕೊಂಡಿರಿ ಇಬ್ರೂ" ಎಂದು ಬಂದ ದಿನವೇ ಹೇಳಿಬಿಟ್ಟಿದ್ದಳು. ನನ್ನ ಬಾಯಿ ಚಿಕ್ಕಂದಿನಿಂದಲೂ ಊರಗಲ. ಆದರೂ ಆ ಬೀಗವನ್ನು ನಾಲ್ಕು ವರ್ಷ ಕಾಪಾಡಿದ್ದೆ.

ಅಮ್ಮನ ಮಂಡಿ ಕೆಟ್ಟಿದ್ದು ಅಣ್ಣ ಕಾಲೇಜು ಸೇರಿದ ವರ್ಷ. ತನ್ನ ಪಾಲಿನ ರಸ್ತೆಯನ್ನು ಹೊತ್ತಿಗೆ ಸರಿಯಾಗಿ ಮುಗಿಸದಿದ್ದರೆ ಮೇಸ್ತ್ರಿ ಹೆಸರು ತೆಗೆದುಹಾಕುತ್ತಾನೆಂಬ ಭಯ ಅವಳಿಗೆ. ಒಂದು ದಿನ ಅಣ್ಣ ಏನೂ ಹೇಳದೆ ಎದ್ದು ಅವಳ ಹಿಂದೆ ಹೋದ. ಅಂದಿನಿಂದ ಅರ್ಧ ರಸ್ತೆ ಅವಳದು, ಅರ್ಧ ರಸ್ತೆ ಅವನದು. ಮೇಸ್ತ್ರಿ ಕಂಡೂ ಕಾಣದಂತೆ ಇದ್ದುಬಿಟ್ಟ. ಆರೂವರೆಗೆ ಪೊರಕೆ ಇಟ್ಟು, ಕೈ ತೊಳೆದು, ಅಲ್ಲಿಂದ ಮೈದಾನಕ್ಕೆ ಓಟ. ಗುರುತು ಸಿಗಬಾರದೆಂದು ಉಣ್ಣೆಯ ಟೋಪಿಯನ್ನು ಹುಬ್ಬಿನವರೆಗೆ ಎಳೆದುಕೊಳ್ಳುತ್ತಿದ್ದ. ಒಂದು ಸಲ ಅವನ ಟೀಮಿನ ಹುಡುಗರೇ ಆ ದಾರಿಯಲ್ಲಿ ಬಂದು, ಟೀ ಕುಡಿದು, ಪ್ಲಾಸ್ಟಿಕ್ ಕಪ್ಪುಗಳನ್ನು ಅವನ ಕಾಲ ಬಳಿಯೇ ಎಸೆದು ಮಾತಾಡುತ್ತಾ ಹೋದರಂತೆ. ಅಣ್ಣ ತಲೆ ಬಗ್ಗಿಸಿ ಅವನ್ನೂ ಗುಡಿಸಿದ. ಇದನ್ನು ನಗುನಗುತ್ತಲೇ ಹೇಳಿದ. ನನಗೆ ನಗು ಬರಲಿಲ್ಲ. ಎರಡನೇ ವರ್ಷದಲ್ಲಿ ಪಂದ್ಯವೊಂದರಲ್ಲಿ ಅವನ ಪಾದದ ಕೀಲು ಮುರಿಯಿತು. ಇನ್ನು ಆಡುವ ಮಾತು ಮರೆತುಬಿಡು ಎಂದು ಎಲ್ಲರೂ ಅಂದರು. ಪ್ಲಾಸ್ಟರ್ ಬಿಚ್ಚಿದ ವಾರವೇ ಕುಂಟುತ್ತಾ ಪೊರಕೆ ಹಿಡಿದ, ಏಳು ತಿಂಗಳಿಗೆ ಮತ್ತೆ ಮೈದಾನಕ್ಕಿಳಿದ. ಅಯ್ಯೋ, ಆ ಹಟಕ್ಕೆ ಏನೆನ್ನಬೇಕೋ!

ಆ ಕಾಲೇಜಿನಲ್ಲಿ ಹಳೆಯ ವಿದ್ಯಾರ್ಥಿಗಳು ಕೊಡುತ್ತಿದ್ದ ಒಂದು ಪದಕವಿತ್ತು. ಹೆಚ್ಚು ಗೋಲು ಹೊಡೆದವನಿಗೆ ಅದು ಸಿಗುತ್ತಿರಲಿಲ್ಲ. ಕಷ್ಟ ಬಂದಾಗಲೂ ಆಟವನ್ನೂ ಒಳ್ಳೆಯತನವನ್ನೂ ಬಿಡದ ಆಟಗಾರನಿಗೆ ಸಿಗುತ್ತಿತ್ತು. ಧೈರ್ಯದ ಪದಕ ಎಂದೇ ಎಲ್ಲರೂ ಕರೆಯುತ್ತಿದ್ದರು. ಅದಕ್ಕೊಂದು ಪದ್ಧತಿ: ಆಟಗಾರ ತನ್ನ ಬಗ್ಗೆ ತಾನು ಬರೆಯುವಂತಿಲ್ಲ. ಮನೆಯವರೊಬ್ಬರು ಕಾಗದ ಬರೆದು, ತಂದೆಯೋ ತಾಯಿಯೋ ಸಹಿ ಹಾಕಬೇಕು. ಕೋಚ್ ಫ್ರಾನ್ಸಿಸ್ ಸರ್ ಒಂದು ಮಧ್ಯಾಹ್ನ ಸೈಕಲ್ಲಿನಲ್ಲಿ ವಠಾರಕ್ಕೆ ಬಂದರು. ಮನೆಯಲ್ಲಿದ್ದವಳು ನಾನೊಬ್ಬಳೇ, ಎಂಟನೇ ಕ್ಲಾಸಿನವಳು. "ಏಮ್ಮಾ, ನಿಂಗೆ ಕನ್ನಡ ಚೆನ್ನಾಗಿ ಬರೆಯೋಕೆ ಬರುತ್ತಲ್ಲಾ? ನಾಳೆ ಲಾಸ್ಟ್ ಡೇಟು, ನಾನೇ ಬಂದು ಇಸ್ಕೋತೀನಿ. ಕಾಲು ಮುರಿದಿದ್ದು ಬರಿ, ಮನೇಲಿ ಹೆಂಗೆ ಮ್ಯಾನೇಜ್ ಮಾಡ್ತಾನೆ ಅದೂ ಬರಿ. ಕಲರ್ ಹಾಕ್ಬೇಡ, ಇರೋದು ಇದ್ದಂಗೆ ಬರಿ. ಅವ್ನಿಗೆ ಹೇಳ್ಬೇಡ, ಸರ್‌ಪ್ರೈಸ್ ಇರ್ಲಿ" ಎಂದು ಒಂದು ಕವರ್ ಕೊಟ್ಟು ಹೋದರು.

ನಾನು ನಲ್ಲಿಯ ಕಟ್ಟೆಯ ಮೇಲೆ ಕೂತು ಎರಡು ಪುಟ ಬರೆದೆ. ಇದ್ದದ್ದು ಇದ್ದಂತೆಯೇ ಬರೆದೆ. ಅಮ್ಮ ಬಾಯಿಗೆ ಬೀಗ ಹಾಕು ಎಂದಿದ್ದು ನಿಜ, ಆದರೆ ಕೈಗೆ ಹಾಕು ಎಂದಿರಲಿಲ್ಲ ಎಂದು ನನಗೆ ನಾನೇ ವಕೀಲಿ ಮಾಡಿಕೊಂಡೆ. ಕವರಿನೊಳಗೆ ಅಂಟಿಸಿದ ಕಾಗದ ಕಾಲೇಜಿಗೆ ಹೋಗುತ್ತದೆ, ಅಲ್ಲಿ ಯಾರೋ ದೊಡ್ಡವರು ಓದುತ್ತಾರೆ, ವಠಾರಕ್ಕೂ ಅದಕ್ಕೂ ಏನು ಸಂಬಂಧ? ನನ್ನ ಅಣ್ಣ ಎಂಥವನೆಂದು ಪ್ರಪಂಚದಲ್ಲಿ ಒಬ್ಬರಿಗಾದರೂ ಗೊತ್ತಾಗಲಿ ಎಂಬ ಆಸೆ ಗಂಟಲವರೆಗೆ ಬಂದು ನಿಂತಿತ್ತು. ಸಂಜೆ ಅಮ್ಮ ರಾಗಿ ಜರಡಿ ಹಿಡಿಯುತ್ತಿದ್ದಾಗ ಕಾಗದ ಚಾಚಿದೆ. ಅವಳಿಗೆ ಓದಲು ಬರುತ್ತಿರಲಿಲ್ಲ. ತನ್ನ ಹೆಸರಿನ ನಾಲ್ಕು ಅಕ್ಷರ ಬರೆಯಲು ನಾನೇ ಕಲಿಸಿದ್ದೆ. ಸ್ಕೂಲಿನ ಯಾವ ಕಾಗದ ತಂದರೂ ಕಣ್ಣು ಮುಚ್ಚಿ ಸಹಿ ಹಾಕುತ್ತಿದ್ದಳು.

"ಏನೇ ಇದು?"

"ಅಣ್ಣನ ಕಾಲೇಜಿಂದು, ಒಳ್ಳೇದೇ."

"ಎಲ್ಲಿ ಹಾಕ್ಲಿ?" ಎಂದು ಹಿಟ್ಟಿನ ಕೈಯನ್ನು ಸೆರಗಿಗೆ ಅರ್ಧಂಬರ್ಧ ಒರೆಸಿ, ನಾಲಿಗೆ ತುದಿ ಕಚ್ಚಿಕೊಂಡು, ಮುನಿಯಮ್ಮ ಎಂದು ನಿಧಾನವಾಗಿ ಬರೆದಳು.

ಪದಕ ಅಣ್ಣನಿಗೇ ಬಂತು. ಸಮಾರಂಭದ ದಿನ ವಠಾರದಿಂದ ಹತ್ತು ಹನ್ನೆರಡು ಜನ ಹೊರಟೆವು. ಅಮ್ಮ ಮದುವೆಯ ಕೆಂಪು ಸೀರೆ ಉಟ್ಟು, ವಿಧವೆಗೇಕೆ ಹೂವು ಎಂದರೂ ಬಿಡದೆ ಮೇರಿ ಆಂಟಿ ಮುಡಿಸಿದ ಮಲ್ಲಿಗೆ ಮುಡಿದಿದ್ದಳು. ಅಣ್ಣನ ಕಾಲು ಮುರಿದಿದ್ದಕ್ಕೆ ಪದಕ ಎಂದಷ್ಟೇ ಅವಳು ತಿಳಿದಿದ್ದದ್ದು. ಮೊದಲ ಸಾಲಿನಲ್ಲಿ ನಮ್ಮನ್ನು ಕೂರಿಸಿದರು. ಪ್ರಿನ್ಸಿಪಾಲರು ಮೈಕಿನ ಮುಂದೆ ನಿಂತು, ಜೇಬಿನಿಂದ ಕಾಗದ ತೆಗೆದು ಬಿಚ್ಚಿದರು. ಮಡಿಕೆಯ ಮೇಲಿನ ಹಿಟ್ಟಿನ ಬೆರಳಚ್ಚನ್ನು ನಾನು ಅಷ್ಟು ದೂರದಿಂದಲೇ ಗುರುತು ಹಿಡಿದೆ. "ನಮ್ಮ ಅಮ್ಮ ಕಮರ್ಷಿಯಲ್ ಸ್ಟ್ರೀಟ್ ಗುಡಿಸುತ್ತಾರೆ. ಅವರಿಗೆ ಮಂಡಿ ನೋವು. ಅದಕ್ಕೆ ಅರ್ಧ ರಸ್ತೆ ನಮ್ಮ ಅಣ್ಣ ಗುಡಿಸುತ್ತಾನೆ." ಅವರು ಭಾವ ತುಂಬಿ ಓದುತ್ತಾ ಹೋದರು. ಟೀ ಕಪ್ಪಿನ ವಿಷಯವನ್ನೂ ಬಿಡಲಿಲ್ಲ. ಜನ ಚಪ್ಪಾಳೆ ತಟ್ಟಿದರು, ಕೆಲವರು ಕಣ್ಣು ಒರೆಸಿಕೊಂಡರು. ಅಮ್ಮ ಮಾತ್ರ ಅಲ್ಲಾಡದೆ ಕೂತಿದ್ದಳು. ಆಮೇಲೆ ನಿಧಾನವಾಗಿ ತಿರುಗಿ ನನ್ನನ್ನು ನೋಡಿದಳು. ಬೈದಿದ್ದರೆ, ಹೊಡೆದಿದ್ದರೆ ಮರೆತುಹೋಗುತ್ತಿತ್ತು. ಆ ನೋಟ ಮರೆತಿಲ್ಲ.

ಪದಕ ತೊಡಿಸಿ ಅಣ್ಣನಿಗೆ ಎರಡು ಮಾತಾಡಲು ಹೇಳಿದರು. ಅವನ ಮುಖ ಕಪ್ಪಿಟ್ಟಿತ್ತು. ಅಮ್ಮನನ್ನು ನೋಡಿದ, ಆಮೇಲೆ ಮೂರನೇ ಸಾಲಿನಲ್ಲಿ ತಲೆ ತಗ್ಗಿಸಿ ಕೂತಿದ್ದ ಟೀಮಿನವರನ್ನು ನೋಡಿದ. "ಸರ್, ಗುಡಿಸೋಕೆ ನಂಗೇನು ಕಷ್ಟ ಆಗ್ಲಿಲ್ಲ. ಯಾರಾದ್ರೂ ನೋಡ್ಬಿಡ್ತಾರೆ ಅಂತ ಟೋಪಿ ಎಳ್ಕೊಂಡು ನಿಲ್ತಿದ್ನಲ್ಲ, ಅದೇ ಕಷ್ಟ. ನಾನು ಹೆದ್ರುಕೊಂಡು ಗುಡಿಸ್ದೋನು. ನಮ್ಮಮ್ಮ ಹದಿನಾರು ವರ್ಷದಿಂದ ಟೋಪಿ ಇಲ್ದೆ ಗುಡಿಸ್ತಿದ್ದಾಳೆ" ಎಂದ. ಅಷ್ಟೇ. ಇಳಿದು ಬಂದು ಅಮ್ಮನ ಪಕ್ಕದಲ್ಲಿ, ನೆಲದ ಮೇಲೆ ಕೂತುಬಿಟ್ಟ.

ಮರುದಿನ ಮೂಲೆಮನೆಯವರು ನಲ್ಲಿಯ ಬಳಿ ತಮ್ಮ ಕೊಡವನ್ನು ನಮ್ಮ ಕೊಡದಿಂದ ಒಂದು ಮೊಳ ಸರಿಸಿಟ್ಟರು. ಅಮ್ಮ ಹೆದರಿದ್ದು ಸುಮ್ಮನೆ ಅಲ್ಲ. ಮೇರಿ ಆಂಟಿ ಅದನ್ನು ನೋಡಿ, ತಮ್ಮ ಎರಡು ಕೊಡಗಳನ್ನೂ ಠಣ್ ಎಂದು ನಮ್ಮ ಕೊಡಕ್ಕೆ ತಾಗಿಸಿಯೇ ಇಟ್ಟು, "ಯಾರಿಗೆ ಮೈಲಿಗೆ ಆಗುತ್ತೋ ಅವ್ರು ಕೆರೆಗೆ ಹೋಗ್ಲಿ" ಎಂದು ವಠಾರಕ್ಕೆಲ್ಲ ಕೇಳುವಂತೆ ಕೂಗಿದರು. ಮನೆ ಬಿಡುವ ಪ್ರಸಂಗ ಬರಲಿಲ್ಲ. ಅಣ್ಣ ಟೋಪಿ ಹಾಕುವುದನ್ನು ಬಿಟ್ಟ. ಒಂದು ಬೆಳಿಗ್ಗೆ ಟೀಮಿನ ಹುಡುಗರು ಬೀದಿಯ ಆಚೆಯಿಂದ "ಮಗಾ ನಾಗಾ, ಮುಗೀತಾ?" ಎಂದು ಗಟ್ಟಿಯಾಗಿ ಕೂಗಿ, ಅವನ ಕೆಲಸ ಮುಗಿಯುವವರೆಗೆ ಅಂಗಡಿಯ ಮೆಟ್ಟಿಲ ಮೇಲೆ ಕಾದು, ಜೊತೆಗೇ ಮೈದಾನಕ್ಕೆ ಕರೆದುಕೊಂಡು ಹೋದರಂತೆ. ಎಲ್ಲ ಒಳ್ಳೆಯದೇ ಆಯಿತೆಂದು ನಾನು ಒಳಗೊಳಗೇ ಬೀಗಿದೆ. ಆದರೆ ಅಮ್ಮ ಒಂದು ವಾರ ನನ್ನೊಡನೆ ಮಾತಾಡಲಿಲ್ಲ. ಅದಾದ ಮೇಲೆ ನನ್ನ ಶಾಲೆಯ ಕಾಗದ ತಂದಾಗಲೆಲ್ಲ ಪೆನ್ನು ಹಿಡಿದು, "ಮೊದ್ಲು ಓದು" ಎನ್ನುತ್ತಿದ್ದಳು. ಅಂಕಪಟ್ಟಿಯನ್ನೂ ಒಂದೊಂದೇ ಸಾಲು ಓದಿಸಿಕೊಂಡೇ ಸಹಿ ಹಾಕುತ್ತಿದ್ದಳು.

ಆ ವಠಾರ ಈಗಿಲ್ಲ. ನಲ್ಲಿ ಇದ್ದ ಜಾಗದಲ್ಲಿ ಕಾರುಗಳು ನಿಲ್ಲುತ್ತವೆ. ಮೇರಿ ಆಂಟಿ ಹೋದರು, ಫ್ರಾನ್ಸಿಸ್ ಸರ್ ಹೋದರು. ಅಣ್ಣ ಕೆ.ಆರ್. ಪುರದ ಶಾಲೆಯೊಂದರಲ್ಲಿ ಆಟದ ಮೇಷ್ಟ್ರಾದ. ಅಮ್ಮ ಕೊನೆಯ ವರ್ಷಗಳನ್ನು ರಾಮಮೂರ್ತಿ ನಗರದ ಅವನ ಮನೆಯಲ್ಲೇ ಕಳೆದಳು. ಒಂದು ಮಾಗಿಯ ಬಿಸಿಲಿನಲ್ಲಿ ಅಮ್ಮನೂ ನಾನೂ ಮೆಟ್ಟಿಲ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದಾಗ, ಅಷ್ಟು ವರ್ಷ ಗಂಟಲಲ್ಲಿಟ್ಟುಕೊಂಡಿದ್ದನ್ನು ಕೇಳಿಯೇಬಿಟ್ಟೆ.

"ಅಮ್ಮಾ, ಆವತ್ತು ನಾನು ಹಂಗೆ ಬರ್ದಿದ್ದು ತಪ್ಪಾ?"

ಅವಳು ಸುಲಿಯುವುದನ್ನು ನಿಲ್ಲಿಸಲಿಲ್ಲ. "ಬರ್ದಿದ್ರಲ್ಲಿ ಸುಳ್ಳೇನಿತ್ತು? ನಂಗೆ ಓದಿ ಹೇಳ್ಬೇಕಿತ್ತು ಕಣೆ."

"ಓದಿದ್ರೆ ಬೇಡ ಅಂತಿದ್ದೆ ನೀನು."

"ಅಂತಿದ್ದೆ. ಅನ್ನೋಕೆ ಬಿಡ್ಬೇಕಿತ್ತು. ನನ್ನ ಬದುಕು ಅಲ್ವಾ ಅದು."

ಅಮ್ಮ ತೀರಿಹೋಗಿ ಎರಡು ವರ್ಷವಾಯಿತು. ಮೆಟ್ರೊದಿಂದ ಇಳಿದು ಮನೆಗೆ ಬಂದವಳೇ ಕೂತು ಇಷ್ಟನ್ನೂ ಬರೆದೆ. ಬರೆದು ಮುಗಿಸಿದ ಮೇಲೆ ನೆನಪಾಯಿತು: ಅವಳ ಕೊಡ, ಅವಳ ಮಂಡಿ, ಅವಳ ಸುಳ್ಳು, ಎಲ್ಲವನ್ನೂ ಮತ್ತೆ ಅವಳನ್ನು ಕೇಳದೆಯೇ ನಿಮ್ಮ ಮುಂದೆ ಇಟ್ಟಿದ್ದೇನೆ. ಮೊದಲು ಅವಳಿಗೆ ಓದಿ ಹೇಳಬೇಕಿತ್ತು. ಬೇಡ ಅನ್ನುತ್ತಿದ್ದಳೇನೋ. ಅನ್ನುವುದಕ್ಕಾದರೂ ಅವಳು ಇರಬೇಕಿತ್ತು.