ಬೀಜಕ್ಕೆ ಬಿಟ್ಟ ಮುಳ್ಳುಸೌತೆ

ಮೇಗುಂದದ ಹತ್ತಿರದ ನಮ್ಮ ಶಾಲೆಯಲ್ಲಿ ಗಫೂರ್ ಜವಾನನಾಗಿದ್ದ. ಗಂಟೆ ಹೊಡೆಯುವುದು, ಮಕ್ಕಳಿಗೆ ಉಪ್ಪಿಟ್ಟು ಮಾಡುವುದು ಅವನ ಕೆಲಸ. ಶಾಲೆಯ ಕೈತೋಟ ಅವನ ಹಟ. ನಾನು ಅಲ್ಲಿ ಮೇಷ್ಟ್ರು. ಎಪ್ಪತ್ತೆಂಟರ ಸುಮಾರಿಗೆ ಶಾಲೆಯ ಹಿಂದೆ ಬಸಳೆ, ಹರಿವೆ, ಒಂದೆಲಗ, ದೊಡ್ಡಪತ್ರೆ ಎಲ್ಲ ಇತ್ತು. ಇನ್ಸ್‌ಪೆಕ್ಟರು ಬಂದಾಗ ಮಕ್ಕಳೇ ಬೆಳೆದದ್ದು ಎನ್ನುತ್ತಿದ್ದೆವು. ಮಕ್ಕಳು ನೀರು ಹೊಯ್ಯುತ್ತಿದ್ದುದೇನೋ ನಿಜ, ಹೆಚ್ಚಾಗಿ ಒಬ್ಬರ ಮೇಲೊಬ್ಬರು.

ಚಪ್ಪರದ ಮುಳ್ಳುಸೌತೆಯ ಮಾತೇ ಬೇರೆ. ಅದರ ಬೀಜವನ್ನು ಗಫೂರನ ಹೆಂಡತಿ ಹಬೀಬಾ ಕಡಹಿನಬೈಲಿನ ತವರಿನಿಂದ ತಂದಿದ್ದಳು. ಅವಳು ತೀರಿಕೊಂಡ ಮೇಲೆ ಗಫೂರ್ ಒಂದು ಅಂಗಡಿಯ ಹಿಂದಿನ ಬಾಡಿಗೆ ಕೋಣೆ ಸೇರಿದ. ಅಲ್ಲಿ ಗಿಡ ನೆಡಲು ಅಂಗೈಯಗಲ ಜಾಗವಿರಲಿಲ್ಲ, ಸೌತೆ ಶಾಲೆಗೆ ಬಂತು. ಮದುವೆಯಾಗಿ ಹೋದ ಮಗಳನ್ನು ಬಿಟ್ಟರೆ ಹಬೀಬಾಳದು ಅಂತ ಅವನಿಗೆ ಉಳಿದದ್ದು ಅದೊಂದೇ. ಎಳೆಕಾಯಿ ಯಾರು ಕೇಳಿದರೂ ಕೊಯ್ದು ಕೊಡುತ್ತಿದ್ದ. ಬೀಜ ಮಾತ್ರ ಯಾರಿಗೂ ಇಲ್ಲ.

"ಅದು ಅವಳದ್ದು ಮೇಷ್ಟ್ರೆ" ಎಂದ, ನಾನು ಕೇಳಿದಾಗ. ಜಿಪುಣತನಕ್ಕೆ ಇಷ್ಟು ಒಳ್ಳೆಯ ಕಾರಣ ನಾನು ಬೇರೆಲ್ಲೂ ಕೇಳಿಲ್ಲ.

ಪ್ರತಿ ವರ್ಷ ಎರಡು ಕಾಯಿಗೆ ಬಟ್ಟೆಚೂರು ಕಟ್ಟಿ ಹಣ್ಣಾಗಲು ಬಿಡುತ್ತಿದ್ದ. ಆಮೇಲೆ ಬೀಜ ತೆಗೆದು, ಬೂದಿ, ಸಗಣಿಯಲ್ಲಿ ಕಲಸಿ, ಅಡುಗೆ ಶೆಡ್ಡಿನ ಗೋಡೆಗೆ ಬಿಲ್ಲೆ ತಟ್ಟುತ್ತಿದ್ದ. ಹೊಗೆಗೆ ಹುಳ ಹತ್ತುವುದಿಲ್ಲ. ಒಂದು ವರ್ಷ ಆ ಎರಡರಲ್ಲಿ ಒಂದು ಕಾಯಿ ಮಾಯವಾಯಿತು. ಮಂಗನ ಕೆಲಸವೆಂದು ತೀರ್ಮಾನವಾಯಿತು. ಬಟ್ಟೆಚೂರಿನ ಗಂಟು ಬಿಚ್ಚಿ, ಬೇಲಿಯ ಮೇಲೆ ಒಣಹಾಕಿ ಹೋದ ಮಂಗ. ಗಫೂರ್ ದೀಪಾವಳಿಯವರೆಗೂ ಮಂಗನ ವಂಶಕ್ಕೆ ಶಾಪ ಹಾಕಿದ.

ಮುಂದಿನ ಬೇಸಿಗೆ ರಜೆಯಲ್ಲಿ ಅವನು ಕೊಪ್ಪದ ಮಗಳ ಮನೆಗೆ ಹೋಗಿದ್ದಾಗ ಹೊಸ ಹೆಡ್‌ಮಾಸ್ಟರು ವೆಂಕಟಯ್ಯ ಶಾಲೆಗೆ ಸುಣ್ಣ ಹೊಡೆಸಿದರು. ಗೋಡೆಯ ಸಗಣಿ ಬಿಲ್ಲೆಗಳನ್ನು ಗಲೀಜೆಂದು ಕೆರೆಸಿ ಹಳ್ಳಕ್ಕೆ ಹಾಕಿಸಿದರು.

"ಎಷ್ಟು ಚಂದ ಆಯ್ತು ನೋಡು ಮಾರಾಯ" ಎಂದರು ಗಫೂರ್ ಬಂದಾಗ.

"ಹೌದು ಸಾರ್" ಎಂದವನು ಆ ಗೋಡೆಯ ಬುಡದಲ್ಲೇ ಕುಸಿದು ಕುಳಿತ.

ವಿಷಯ ತಿಳಿದ ವೆಂಕಟಯ್ಯ ಪೇಟೆಯಿಂದ ಒಂದು ಪೊಟ್ಟಣ ಸೌತೆಬೀಜ ತರಿಸಿಕೊಟ್ಟರು. ಒಳ್ಳೆಯ ಮನುಷ್ಯ, ಬೈಯಲೂ ಆಗದು. ಗಫೂರ್ ಸಲಾಂ ಮಾಡಿ ಪೊಟ್ಟಣವನ್ನು ಕಪಾಟಿನಲ್ಲಿಟ್ಟ. ಕಾಯಿ ಒಯ್ದವರ ಮನೆಮನೆಗೆ ಹೋಗಿ ವಿಚಾರಿಸಿದ. ಎಲ್ಲರೂ ಎಳೆಯದನ್ನೇ ಒಯ್ದಿದ್ದರು, ಉಪ್ಪು ಖಾರ ಹಚ್ಚಿ ತಿಂದಿದ್ದರು. ಮೊದಲ ಮಳೆ ಬಿತ್ತು. ಚಪ್ಪರದ ಬುಡ ಬರಿದಾಗಿತ್ತು.

ಒಂದು ಬೆಳಿಗ್ಗೆ ಶಾಲೆಯ ಎದುರು ಮನೆಯ ರಾಧಮ್ಮ ಬಂದರು. ಗದ್ದೆ, ಕಾಫಿ ಎಲ್ಲ ಇದ್ದ ಮನೆ; ಊರಿಗೆಲ್ಲ ಬುದ್ಧಿ ಹೇಳುವ ಹೆಂಗಸು. ಸೆರಗಿನ ಮರೆಯಿಂದ ಒಂದು ಒಣಗಿದ ಬಿಲ್ಲೆ ತೆಗೆದು ಗಫೂರನ ಕೈಗಿಟ್ಟರು. ಅದರ ತುಂಬ ಸೌತೆಬೀಜ.

"ಹೋದ ವರ್ಷ ಬಟ್ಟೆ ಕಟ್ಟಿದ್ದ ಕಾಯಿ ಕೊಯ್ದದ್ದು ಮಂಗ ಅಲ್ಲ ಸಾಬ್ರೆ. ಕೇಳಿದ್ರೆ ನೀವು ಬೀಜ ಕೊಡ್ತಿರ್ಲಿಲ್ಲ. ಎಂತ ಮಾಡೋದು?" ಎಂದವರು ಮುಖ ಎತ್ತಲಿಲ್ಲ.

ಗಫೂರ್ ಬಿಲ್ಲೆಯನ್ನು ಎದೆಗೊತ್ತಿಕೊಂಡು ಅತ್ತ. ಮಕ್ಕಳು ನೋಡುತ್ತಿದ್ದರೂ ಮರೆಮಾಚಲಿಲ್ಲ. ಆಮೇಲೆ ಕಣ್ಣೊರೆಸಿಕೊಂಡು ಹೇಳಿದ:

"ವರ್ಷಕ್ಕೊಂದು ಕಾಯಿ ಹೀಗೇ ಕದ್ದುಕೊಂಡು ಹೋಗಿ ಅಮ್ಮ. ಕೊಡಕ್ಕೆ ನಂಗೆ ಕೈ ಬರಲ್ಲ."