ಟವೆಲ್ ಕೆಳಗಿನ ಮೆತ್ತನೆಯ ಕೈ

ಶಿವನಂಜಯ್ಯ ಮೇಷ್ಟ್ರ ಅಂಗೈ ಆಗತಾನೇ ತಟ್ಟಿದ ಹತ್ತಿಯ ಹಾಗೆ ಮೆತ್ತಗಿತ್ತು. ಸರ್ಕಾರಿ ಕಾಲೇಜಿನಲ್ಲಿ ಅರ್ಥಶಾಸ್ತ್ರ ಹೇಳಿ ನಿವೃತ್ತರಾದವರು. ಮಾರುಕಟ್ಟೆಯ ಬಗ್ಗೆ ಅವರಷ್ಟು ಮಾತಾಡಿದವರು ಗುಬ್ಬಿಯಲ್ಲಿಲ್ಲ. ಆದರೆ ಬದನೆಕಾಯಿ ತರಲು ಅವರ ಹೆಂಡತಿಯೇ ಹೋಗಬೇಕಿತ್ತು.

ನಾನು ದನದ ದಲ್ಲಾಳಿಯಾಗಿ ಸಂತೆ ಸಂತೆ ಅಲೆದು, ಕೊನೆಗೆ ಹಿಂಡಿ-ಬೂಸಾ ಅಂಗಡಿ ಇಟ್ಟವನು. ಸಂಜೆಯಾದರೆ ಮೇಷ್ಟ್ರು ನನ್ನ ಬೂಸಾ ಮೂಟೆಯ ಮೇಲೆ ಕೂತು ಸರ್ಕಾರವನ್ನು ಬೈಯುತ್ತಿದ್ದರು.

"ಸರ್ಕಾರ ಮುಟ್ಟಿದ್ದೆಲ್ಲ ಹಾಳು ಕಣಯ್ಯ. ಸರ್ಕಾರಿ ಆಸ್ಪತ್ರೆ ಮೊದ್ಲು ಮುಚ್ಚಬೇಕು. ಇತಿಹಾಸ ನೋಡು, ವ್ಯಾಪಾರಕ್ಕೆ ಕೈ ಹಾಕಿದ ಯಾವ ರಾಜ ಉಳಿದವ್ನೆ?"

"ಮತ್ತೆ ನಿಮ್ ಪೆನ್ಷನ್ನು, ಸಾರ್?"

"ಅದು ಬೇರೆ ವಿಷ್ಯ."

ಅವರು ಹೇಳುತ್ತಿದ್ದುದರಲ್ಲಿ ಮುಕ್ಕಾಲು ಪಾಲನ್ನು ನಾನೂ ಒಪ್ಪುತ್ತೇನೆ. ಕೊಳ್ಳುವವನೂ ಮಾರುವವನೂ ಒಪ್ಪಿದ್ದೇ ಬೆಲೆ. ನಡುವೆ ಆಫೀಸರು ಬಂದರೆ ಕೆಟ್ಟಿತು. ಆದರೆ ಒಂದು ಮಾತು ನೆನಪಿಡಿ: ಈಜಿನ ಬಗ್ಗೆ ಭಾಷಣ ಮಾಡುವವನನ್ನು ಒಮ್ಮೆ ಕೆರೆಗೆ ಇಳಿಸಿ ನೋಡದೆ ನಂಬಬೇಡಿ.

ನಾನು ಇಳಿಸಿ ನೋಡಿದೆ. ಮನೆಗೆ ಹಾಲು ಕರೆಯುವ ಹಸು ಬೇಕೆಂದರು. ಕುಣಿಗಲ್ ಕಡೆಯ ಸಂತೆಗೆ ಕರೆದುಕೊಂಡು ಹೋದೆ. ಅಲ್ಲಿ ನನ್ನ ಹಳೆಯ ಪರಿಚಯದ ನಿಂಗಣ್ಣ ಒಂದು ಒಳ್ಳೆಯ ಹಸು ತಂದಿದ್ದ. ಅವನ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ತಡ ಮಾಡಿದರೆ ಕಣ್ಣು ಉಳಿಯುವುದಿಲ್ಲವೆಂದು ಡಾಕ್ಟರು ಹೇಳಿದ್ದರು. ಸರ್ಕಾರಿ ಆಸ್ಪತ್ರೆಯ ಸರದಿ ಕಾಯುವಂತಿರಲಿಲ್ಲ. ಹಸು ಮಾರಿ ತುಮಕೂರಿನ ನರ್ಸಿಂಗ್ ಹೋಮಿಗೆ ಸೇರುವವನಿದ್ದ.

ಸಂತೆಯಲ್ಲಿ ದನದ ಬೆಲೆಯನ್ನು ಬಾಯಲ್ಲಿ ಆಡುವುದಿಲ್ಲ. ಕೈಗಳ ಮೇಲೆ ಟವೆಲ್ ಹೊದಿಸಿ, ಒಳಗೆ ಬೆರಳು ಹಿಡಿದು ತಿಳಿಸುತ್ತಾರೆ. ಮಾರುವವನು ಒಬ್ಬನಿಗೆ ಎಷ್ಟಕ್ಕೆ ಇಳಿದ ಎಂಬುದು ಮುಂದಿನವನಿಗೆ ಗೊತ್ತಾಗಬಾರದು. ಗರಜು ಇರುವವನ ಮಾನ ಕಾಯುವುದು ಆ ಟವೆಲ್ಲೇ. ಯಾವ ಬೆರಳಿಗೆ ಏನರ್ಥ ಎಂದು ಮೇಷ್ಟ್ರಿಗೆ ದಾರಿಯುದ್ದಕ್ಕೂ ಪಾಠ ಹೇಳಿದ್ದೆ.

ನಿಂಗಣ್ಣ ಬೆರಳು ಒತ್ತಿದ. ಮೇಷ್ಟ್ರು ಆಗದೆಂದು ತಲೆಯಾಡಿಸಿದರು. ಅವನು ಇಳಿದ, ಇನ್ನೂ ಇಳಿದ. ಮೇಷ್ಟ್ರ ಮುಖ ಅರಳಿತು.

"ಅರೆ, ಇಷ್ಟೇನಾ!" ಎಂದವರೇ ರೇಟನ್ನು ಗಟ್ಟಿಯಾಗಿ ಕೂಗಿಬಿಟ್ಟರು.

"ಸಾರ್, ಬಾಯ್ಮುಚ್ಚಿ!" ಎಂದೆ.

"ಯಾಕಯ್ಯ? ಎಲ್ರಿಗೂ ಗೊತ್ತಾಗ್ಲಿ. ಮಾಹಿತಿ ಬಯಲಾದ್ರೇನೆ ಸರಿಯಾದ ಬೆಲೆ ಹುಟ್ಟೋದು."

ಸುತ್ತ ನಿಂತಿದ್ದ ಗಿರಾಕಿಗಳು ನಕ್ಕರು. "ಅಷ್ಟಕ್ಕೆ ಇಳಿದವ್ನು ಸಂಜೆಗೆ ಇನ್ನೂ ಇಳೀತಾನೆ ಬುಡ್ಲಾ," ಎಂದು ಒಬ್ಬ ಹಗ್ಗ ಹೆಗಲಿಗೆ ಹಾಕಿಕೊಂಡು ನಡೆದ. ಬೇರೆಯವರೂ ಚದುರಿದರು. ಆಗ ಮೇಷ್ಟ್ರು ಹೇಳಿದ ಮಾತು ನನಗೆ ಈಗಲೂ ಮೈ ಉರಿಸುತ್ತದೆ: "ನೋಡಪ್ಪ, ಬೇಡಿಕೆ ಬಿತ್ತು. ಈಗ ನಾನೂ ಅಷ್ಟು ಕೊಡಕ್ಕಾಗಲ್ಲ."

ನಿಂಗಣ್ಣ ಟವೆಲ್ ಕೊಡವಿದ. "ನಿಮ್ ಕೈಗೆ ಹೇಳಿದ್ದು ಸ್ವಾಮಿ, ಊರಿಗಲ್ಲ."

ಮೊದಲಿನ ಬೆಲೆಗೇ ನಾನು ಕೊಳ್ಳುತ್ತೇನೆಂದೆ. "ನೀನೂ ಇವ್ರ ಜೊತೇಲೇ ಬಂದೋನಲ್ವಾ?" ಎಂದು ಹಸು ಹೊಡೆದುಕೊಂಡು ಹೋದ.

ಮೇಷ್ಟ್ರನ್ನು ನಾನು ಕೊನೆಯ ಸಲ ನೋಡಿದ್ದು ತುಮಕೂರಿನ ಸರ್ಕಾರಿ ಆಸ್ಪತ್ರೆಯಲ್ಲಿ. ಅವರಿಗೂ ಪೊರೆಯೇ. ಕಪ್ಪು ಕನ್ನಡಕ ಹಾಕಿ ಬೆಂಚಿನ ಮೇಲೆ ಕೂತಿದ್ದರು. ಪಕ್ಕದಲ್ಲಿ ಕೂತು, ಮುಚ್ಚಬೇಕಾದ ಆಸ್ಪತ್ರೆಗೆ ಬಂದಿರಲ್ಲ ಎಂದೆ.

"ಪುಕ್ಕಟೆ ಮಾಡ್ತಾರೆ, ಯಾಕೆ ಬಿಡೋದು? ಅದು ಬೇರೆ ವಿಷ್ಯ."

ಅದೇ ಬೆಂಚಿನ ತುದಿಗೆ ನಿಂಗಣ್ಣನನ್ನು ಅವನ ಮಗಳು ಕೈಹಿಡಿದು ಕರೆತಂದು ಕೂರಿಸಿದಳು. ನರ್ಸಿಂಗ್ ಹೋಮಿಗೆ ದುಡ್ಡು ಹೊಂದದೆ ಒಂದು ಕಣ್ಣು ಹೋಗಿಯೇ ಬಿಟ್ಟಿತ್ತಂತೆ. ಇನ್ನೊಂದಕ್ಕೆ ಸರದಿ ಈಗ ಬಂದಿತ್ತು. ಮೇಷ್ಟ್ರಿಗೆ ಗುರುತು ಸಿಗಲಿಲ್ಲ. ದೊಡ್ಡಸ್ತಿಕೆಯಿಂದ ಅವನ ಕೈ ಹಿಡಿದು, "ಏನೂ ನೋವಾಗಲ್ಲ ಕಣಪ್ಪ, ಧೈರ್ಯವಾಗಿರು," ಎಂದರು.

ನಿಂಗಣ್ಣ ಆ ಅಂಗೈಯನ್ನು ಹೆಬ್ಬೆರಳಿನಿಂದ ಒಮ್ಮೆ ಸವರಿದ. ಒಂದೊಂದೇ ಬೆರಳು ಮುಟ್ಟಿ ನೋಡಿದ. ಆಮೇಲೆ ಮೆಲ್ಲಗೆ ಕೈ ಬಿಡಿಸಿಕೊಂಡು, ಹೆಗಲ ಮೇಲಿನ ಟವೆಲ್ಲಿಗೆ ಒರೆಸಿಕೊಂಡ.

"ಯಾರಯ್ಯ ಅವನು?" ಎಂದು ಮೇಷ್ಟ್ರು ನನ್ನ ಕಡೆ ತಿರುಗಿದರು.

"ಅದು ಬೇರೆ ವಿಷ್ಯ, ಸಾರ್," ಎಂದು ಎದ್ದು ನಿಂಗಣ್ಣನ ಪಕ್ಕ ಹೋಗಿ ಕೂತೆ.