ಮೂಲೆಗೊಂದು ಎಲಚಿ

ಅವಳ ಎಡ ಅಂಗೈ ತುಂಬ ಕಪ್ಪು ಚುಕ್ಕಿಗಳಿದ್ದವು. ಚುಚ್ಚಿ ಮುರಿದು ಒಳಗೇ ಉಳಿದ ಮುಳ್ಳುಗಳು. ರಾಗಿ ಚೆಲ್ಲಿದಂತೆ ಕಾಣುತ್ತಿದ್ದ ಆ ಅಂಗೈಯಲ್ಲಿ ಚಿಟಿಕೆ ಉಪ್ಪಿಟ್ಟು ಚಾಚಿದರೆ ಸಾಕು, ಹೊಲದ ಆಚೆ ತುದಿಯ ಆಡುಗಳೂ ಬಾಯಲ್ಲಿದ್ದ ಸೊಪ್ಪು ಬಿಟ್ಟು ಓಡಿ ಬರುತ್ತಿದ್ದವು.

ನಾವೆಲ್ಲ ಅವಳನ್ನು ದೊಡ್ಡವ್ವ ಎನ್ನುತ್ತಿದ್ದೆವು. ನೆಂಟಳಲ್ಲ, ಹಿಂದಿನ ಬೀದಿಯವಳು. ನಂಜನಗೂಡಿನಿಂದ ನರಸೀಪುರಕ್ಕೆ ಹೋಗುವ ರಸ್ತೆ ಬದಿಯ ನಮ್ಮೂರಲ್ಲಿ ಯಾರದೇ ಜಮೀನು ಬೀಳು ಬಿದ್ದು ಪೊದೆ ಬೆಳೆದರೆ ಅವಳಿಗೆ ಹೇಳಿಕಳಿಸುತ್ತಿದ್ದರು. ಜಮೀನಿನವರಿಗೆ ನೆಲ ಹಸನಾಗುತ್ತಿತ್ತು, ಗೊಬ್ಬರ ಬೀಳುತ್ತಿತ್ತು. ಅವಳ ಆಡುಗಳಿಗೆ ಹೊಟ್ಟೆ ತುಂಬುತ್ತಿತ್ತು. ಅದಕ್ಕಿಂತ ಹೆಚ್ಚಿನ ಲೆಕ್ಕ ಇಬ್ಬರಿಗೂ ಬೇಕಿರಲಿಲ್ಲ.

ಮೊದಲ ದಿನ ಆಡುಗಳಿಲ್ಲದೆ ಒಬ್ಬಳೇ ಬರುತ್ತಿದ್ದಳು. ಹೊಲ ಸುತ್ತಿ ಆಡಿಗೆ ವಿಷವಾದ ಕಣಗಿಲೆ ಇದ್ದರೆ ಬುಡಸಮೇತ ಕಿತ್ತು, ಒಡೆದ ಬಾಟಲಿ ಚೂರುಗಳನ್ನು ಸೆರಗಿಗೆ ಆಯ್ದುಕೊಂಡು ಹೋಗುತ್ತಿದ್ದಳು. ಮರುದಿನ ಮಂದೆ ಬರುತ್ತಿತ್ತು. ಸಿಕ್ಕಿದ್ದನ್ನೆಲ್ಲ ಹತ್ತುವ ಒಂದು ಹೋತಕ್ಕೆ ಲೈನ್‌ಮ್ಯಾನ್ ಎಂದು ಹೆಸರಿಟ್ಟಿದ್ದಳು. “ಇಳೀಲಾ ಲೈನ್‌ಮ್ಯಾನು! ನಿಮ್ಮಪ್ಪ ನೆಟ್ಟ ಕಂಬವೇನ್ಲಾ ಅದು?”

ಹೈಸ್ಕೂಲಿನಿಂದಲೂ ದಿನಾಂಕ ಹಾಕಿ ಡೈರಿ ಬರೆಯುವ ಅಭ್ಯಾಸ ನನಗೆ. ಆಡುಗಳು ಎಲ್ಲಿ ಮೇದವೆಂಬುದೂ ಅದರಲ್ಲಿ ಸೇರಿತು. “ಓದ್ ವರ್ಸ ಯುಗಾದೀಲಿ ಎಲ್ಲಿದ್ದೋ ಮಗ?” ಎಂದು ಕೇಳುತ್ತಿದ್ದಳು. ಹುಡುಗಿಯಾದರೂ ನಾನು ಅವಳಿಗೆ ‘ಮಗ’ನೇ. ನಾನು ಹೇಳಿದರೆ, “ಸರ್ಯಾಗದೆ” ಎಂದು ಪರೀಕ್ಷೆ ತೆಗೆದುಕೊಂಡವಳಂತೆ ತಲೆಯಾಡಿಸುತ್ತಿದ್ದಳು.

ಒಂದು ಪದ್ಧತಿ ಅವಳು ಎಂದೂ ತಪ್ಪಿಸಲಿಲ್ಲ. ಹೊಲದ ನಾಲ್ಕು ಮೂಲೆಯಲ್ಲಿ, ಗಡಿ ತೋರಿಸುವ ಬಾಂದಿನ ಕಲ್ಲಿನ ಪಕ್ಕ ಒಂದೊಂದು ಎಲಚಿ ಗಿಡವನ್ನು ಆಡುಗಳಿಗೆ ಕೊಡದೆ ಉಳಿಸುತ್ತಿದ್ದಳು. ಆಡಿಗೆ ಎಲಚಿ ಎಂದರೆ ಪ್ರಾಣ. ಹಾಗಾಗಿ ಸುತ್ತ ಕಡಿದ ಮುಳ್ಳುಕೊಂಬೆ ತಂದು ಒತ್ತುತ್ತಿದ್ದಳು. ಯಾಕೆಂದು ಕೇಳಿದೆ.

“ಉಂಡ ಮನೇಲಿ ತಟ್ಟೆ ನೆಕ್ಬಾರ್ದು ಕಣ್ ಮಗ. ಒಂದ್ ತುತ್ತು ನೆಲಕ್ಕೇ ಬುಟ್ಟು ಏಳ್ಬೇಕು. ಕಲ್ಲು ಎಲ್ಲದೆ ಅಂತನೂ ಕಾಣ್ತದೆ. ಅಣ್ಣ ತಮ್ಮದೀರು ಬದುವಿಗೆ ಒಡ್ದಾಡದು ತಪ್ತದೆ.”

ಆಮೇಲೆ ಲೇಔಟುಗಳು ಬಂದವು. ಪೊದೆ ಬೆಳೆದ ಜಮೀನು ನೋಡಲು ಬಂದವರಿಗೆ ಅದರ ಅಂಚು ಕಾಣುವುದಿಲ್ಲ. ಹಾಗಾಗಿ ಮಾರುವವರು ಮೊದಲು ದೊಡ್ಡವ್ವನನ್ನು ಕರೆಯತೊಡಗಿದರು. ಅವಳು ಮೇಯಿಸಿ ಹೋದ ಸ್ವಲ್ಪ ದಿನಕ್ಕೇ ಅಲ್ಲಿ ತಂತಿಬೇಲಿ ಬೀಳುತ್ತಿತ್ತು. ಆ ಹೊಲಕ್ಕೆ ಅವಳ ಆಡುಗಳು ಮತ್ತೆ ಕಾಲಿಡುವಂತಿರಲಿಲ್ಲ.

ನಾಲೆಯ ಆಚೆ ಒಂದು ಜಮೀನು ಅಳೆಯುವಾಗ ನಾವಿಬ್ಬರೂ ಪಕ್ಕದ ಬದುವಿನಲ್ಲಿದ್ದೆವು. ಸರ್ವೆಯವನು ಖುಷಿಯಲ್ಲಿದ್ದ. “ಅಜ್ಜಿ, ನಿಮ್ ಗಿಡ ಇದ್ದಿದ್ದಕ್ಕೆ ಬದುಕ್ಕೊಂಡ್ವಿ ಕಣ್ರೀ. ನಾಲ್ಕು ಕಲ್ಲೂ ಬೇಗ ಸಿಕ್ಬಿಟ್ವು. ಬೇರೆ ಕಡೆ ದಿನಗಟ್ಲೆ ಅಗೀಬೇಕು.”

“ಔದಾ ಸಾ?” ಎಂದಳು. ಅವನು ಅತ್ತ ಹೋದ ಮೇಲೆ ಬದುವಿನ ಮೇಲೆ ಕೂತಳು. ಅಂಗೈ ಬಿಚ್ಚಿಕೊಂಡಿತ್ತು. ಲೈನ್‌ಮ್ಯಾನ್ ಬಂದು ಖಾಲಿ ಕೈ ನೆಕ್ಕಿತು.

“ನನ್ ಬಾಯ್ಗೆ ನಾನೇ ಮಣ್ಣಾಕ್ಕಂಡೆ ಕಣ್ ಮಗ.”

“ಇನ್ಮೇಲೆ ಕರದ್ರೆ ಬರಲ್ಲ ಅನ್ನು ದೊಡ್ಡವ್ವ.”

“ಬರಲ್ಲ ಅಂದ್ರೆ ಇವು ಏನ್ ತಿಂದಾವು? ನಾನ್ ಓಗ್ದಿದ್ರೆ ಗಿಡ ಸಾಯಾ ಔಷ್ದಿ ಒಡೀತಾರೆ, ಅಷ್ಟೇಯ.”

ಕೊನೆಗೆ ನಮ್ಮ ಹೊಲದ ಸರದಿ. ಚಿಕ್ಕಪ್ಪಂದಿರಿಬ್ಬರೂ ಕರಾರಿಗೆ ರುಜು ಹಾಕಿಯಾಗಿತ್ತು. ಅಪ್ಪ ನನ್ನನ್ನು ಕರೆದುಕೊಂಡು ಅವಳ ಬಾಗಿಲಿಗೆ ಹೋದರು.

“ದೊಡ್ಡವ್ವ, ನಮ್ ಒಲಕ್ಕೂ ಒಂದ್ಸಲ ಆಡು ಒಡ್ಕಂಡು...” ಎಂದು ಅಪ್ಪ ಹೊಸ್ತಿಲು ನೋಡಿದರು.

“ಮಾರ್ತಿದ್ದೀಯೇನ್ಲಾ?”

“ಊಂ ಕಣವ್ವ. ನಾನೊಬ್ಬ ಬ್ಯಾಡ ಅಂದ್ರೆ ಏನಾದದು?”

ಅವಳು ನಕ್ಕಳು. “ನಿನ್ ಕೈಲಿ ಏನದೆ, ನನ್ ಕೈಲಿ ಏನದೆ! ನಾಳೀಕೆ ಬತ್ತೀನಿ, ಓಗು.”

ಬಂದಳು. ಬಾಟಲಿ ಚೂರು ಆಯ್ದಳು. ಕೊನೆಯ ದಿನ ನೆಲವೆಲ್ಲ ಬಯಲಾಗಿ, ಮೂಲೆಯ ನಾಲ್ಕು ಗಿಡಗಳಷ್ಟೇ ಹಸಿರಾಗಿ ನಿಂತಿದ್ದವು. ಲೈನ್‌ಮ್ಯಾನ್ ರಸ್ತೆ ಕಡೆಯ ಗಿಡಕ್ಕೆ ಕತ್ತು ಚಾಚಿತು.

“ಈ ಸಲ ತಿನ್ಲಿ ಬಿಡು ದೊಡ್ಡವ್ವ. ಕಲ್ಲು ಹುಡುಕ್ಕೊಂಡು ಸಾಯ್ಲಿ.”

ಅವಳ ಕೈ ಒತ್ತಿದ್ದ ಮುಳ್ಳನ್ನು ಒಂದು ಗೇಣು ಸರಿಸಿತು. ಮೂತಿ ತೂರಿಸಿದ ಲೈನ್‌ಮ್ಯಾನನ್ನು ಹಿಂದೆ ತಳ್ಳಿ, ಮುಳ್ಳನ್ನು ಮತ್ತೆ ಮೊದಲಿನಂತೆ ಒತ್ತಿದಳು.

“ಗಿಡ ತಿನ್ಸುದ್ರೆ ಕಲ್ಲು ಎದ್ದು ಓಡೋದದಾ? ಅಳೆಯೋರು ಅಳ್ಕಳ್ಲಿ. ನಾ ತಟ್ಟೆ ನೆಕ್ಕಾಕಿಲ್ಲ.”

ಆಮೇಲೆ ಮೇಯಿಸಲು ಉಳಿದದ್ದು ರಸ್ತೆಯ ಅಂಚು ಮಾತ್ರ. ಆಡುಗಳು ಒಂದೊಂದಾಗಿ ಸಂತೆಗೆ ಹೋದವು. ನನ್ನ ಡೈರಿಯಲ್ಲಿ ಅವುಗಳ ಸಂಖ್ಯೆ ವಾರದಿಂದ ವಾರಕ್ಕೆ ಇಳಿಯಿತು. ಎಲ್ಲಕ್ಕಿಂತ ಕಡೆಗೆ ಲೈನ್‌ಮ್ಯಾನ್ ಹೋಯಿತು. ಆ ದಿನ ಅವಳು ಉಪ್ಪಿನ ಗಂಟನ್ನು ನಮ್ಮಮ್ಮನ ಕೈಗೆ ಕೊಟ್ಟು, “ಸಾರಿಗಾಕು” ಎಂದು ತಲಕಾಡಿನ ಮಗಳ ಮನೆಗೆ ಬಸ್ಸು ಹತ್ತಿದಳು.

ಸಂಕ್ರಾಂತಿ ಕಳೆದ ಮೇಲೆ ಸುದ್ದಿ ಬಂತು. ಅಪ್ಪ, ನಾನು ಹೋದೆವು. ಅಂಗಳದಲ್ಲಿ ಮಲಗಿಸಿದ್ದರು. ಎಡಗೈ ಅಂಗೈ ಮೇಲಾಗಿತ್ತು. ಎಲ್ಲ ಮುಳ್ಳುಗಳೂ ಇದ್ದಲ್ಲೇ ಇದ್ದವು.

ಸಂಜೆ ನಮ್ಮೂರ ಸ್ಟಾಪಿನಲ್ಲಿ ಇಳಿದು ಹೊಲವಿದ್ದ ಕಡೆ ನಡೆದೆ. ಜಲ್ಲಿ ಹಾಸಿದ ರಸ್ತೆ, ಬಿಳಿ ಬಣ್ಣ ಬಳಿದ ಸೈಟಿನ ಕಲ್ಲುಗಳು. ಮೂಲೆಯಲ್ಲಿ ಜೆಸಿಬಿ ಕಿತ್ತೆಸೆದಿದ್ದ ಎಲಚಿ, ನೆಲದಲ್ಲುಳಿದ ಬೇರಿನಿಂದ ಮತ್ತೆ ಚಿಗುರಿತ್ತು, ಮೊಣಕಾಲುದ್ದ. ಲೇಔಟಿನ ವಾಚ್‌ಮನ್ ಬೆನ್ನಿಗೆ ಕಳೆ ಔಷಧಿ ಕ್ಯಾನು ಹಾಕಿಕೊಂಡು ಒಂದು ಕಡೆಯಿಂದ ಸಿಂಪಡಿಸುತ್ತ ಬರುತ್ತಿದ್ದ.

“ಅಣ್ಣಾ, ಈ ಮೂಲೇದು ಒಂದು ಬಿಡಿ.”

“ಒಂದೂ ಬುಡಬ್ಯಾಡ ಅಂದವ್ರೆ ಕಣವ್ವ. ಯಾಕೆ, ನಿಮ್ದಾ ಈ ಜಾಗ?”

“ಅಲ್ಲ,” ಎಂದೆ.

ಅವನು ಪಂಪು ಒತ್ತಿದ.